ಬೋಗುಣಿ ಬಿಡದ ಬಟ್ಟಲು

ಮಾಲೂರಿನ ಕದಿರೇಶ ಆ ಭಾನುವಾರ ಉಪ್ಪಿಟ್ಟು ತಿನ್ನಲು ಒಳಗೆ ಹೋದದ್ದೇ ತಪ್ಪಾಯಿತು.

ಅವನು ದಿನಾ ರೈಲು ಹತ್ತಿ ಬೆಂಗಳೂರಿನ ಕಾರ್ಬನ್ ಫೈಬರ್ ಕಾರ್ಖಾನೆಗೆ ಹೋಗಿ ಕಸ ಗುಡಿಸುತ್ತಿದ್ದ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಆ ಹೆಸರು ಊರಿನವರ ಬಾಯಿಗೇ ಬರುತ್ತಿರಲಿಲ್ಲ. ಮಾಲೂರಿನವರೇ ಆದ ಕಾರ್ಖಾನೆಯ ಸೂಪರ್‌ವೈಸರ್ ಕೋದಂಡರಾಮಪ್ಪ ಒಂದು ತುಂಡು ಕಾರ್ಬನ್ ನೂಲಿನ ಕರಿಬಟ್ಟೆ, ಅದನ್ನು ಗಟ್ಟಿಮಾಡುವ ಒಂದು ಡಬ್ಬಿ ಅಂಟು ಕೊಟ್ಟು, "ಒಂದು ಬಟ್ಟಲು ಮಾಡಿಡು, ಭಾನುವಾರ ಸಂಜೆ ಬಂದು ನೋಡ್ತೀನಿ. ಅಚ್ಚಿಂದ ನೀಟಾಗಿ ಬಿಡಿಸಿದ್ರೆ ಪೊರಕೆ ಬಿಟ್ಟು ಅಚ್ಚಿನ ಕೆಲ್ಸಕ್ಕೆ ಬಾ" ಎಂದಿದ್ದರು.

ಅಚ್ಚಿಗೆಂದು ಪಕ್ಕದ ಮನೆ ವೆಂಕಟರತ್ನಮ್ಮ ತಮ್ಮ ತಾಮ್ರದ ಬೋಗುಣಿ ಕೊಟ್ಟರು. ತಳ ತೂತಾಗಿ ಸೋರುತ್ತಿದ್ದುದರಿಂದ ಧಾರಾಳವಾಗಿಯೇ ಕೊಟ್ಟರು. ಅಂಟು ತಾಮ್ರವನ್ನು ಹಿಡಿಯದಿರಲೆಂದು ಕದಿರೇಶ ಒಳಗೆಲ್ಲ ಮೇಣ ಸವರಿ, ಉಜ್ಜಿ, ಮತ್ತೆ ಸವರಿ ತಿಂಡಿಗೆ ಹೋದ. ಅಷ್ಟರಲ್ಲಿ ಅವನ ತಾಯಿ ಮುನಿಯಲ್ಲಮ್ಮ ಹಿತ್ತಲಿಗೆ ಬಂದಳು. ಜಿಡ್ಡು ಕಂಡರೆ ಅವಳಿಗೆ ಮೈ ಉರಿಯುತ್ತದೆ. ಅದೂ ಪರರ ಪಾತ್ರೆ. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟು ಹೋದಳು.

ಕದಿರೇಶ ಬಂದು ಬೋಗುಣಿಯ ಹೊಳಪು ಕಂಡು ತನ್ನ ಕೈಗುಣವನ್ನು ತಾನೇ ಮೆಚ್ಚಿ, ಬಟ್ಟೆ ಹಾಸಿ ಅಂಟು ಬಳಿದ. ಮಧ್ಯಾಹ್ನದ ಬಿಸಿಲಿಗೆ ಬಟ್ಟಲು ಕಲ್ಲಾಯಿತು. ಎಳೆದ, ಬರಲಿಲ್ಲ. ಬೋರಲು ಹಾಕಿ ಬಡಿದ. ಆ ಸದ್ದಿಗೆ ಬೀದಿಯೇ ಬಂತು.

"ಇಟ್ಟಿಗೆ ಅಚ್ಚಿಗೆ ನಾವು ಮರಳು ಉದುರಿಸ್ತೀವಿ. ನೀನು ಉದುರಿಸಿದ್ಯೇನ್ಲಾ?" ಎಂದರು ಇಟ್ಟಿಗೆ ಗೂಡಿನ ದೊಡ್ಡವೆಂಕಟಪ್ಪ.

"ಬಿಸಿನೀರು ಹುಯ್ಯೋ ಸಾಕು" ಎಂದರು ಎದುರುಮನೆ ಅಶ್ವತ್ಥಪ್ಪ, ತಾವೇ ಹುಯ್ದರು. ಬಟ್ಟಲಿಗೇನೂ ಆಗಲಿಲ್ಲ, ಕದಿರೇಶನ ಕಾಲಿಗೆ ಬೊಬ್ಬೆ ಬಂತು. ಕೊನೆಗೆ ದೊಡ್ಡವೆಂಕಟಪ್ಪ ಬೋಗುಣಿ ಹಿಡಿದರು, ಕದಿರೇಶ ಬಟ್ಟಲಿನ ಅಂಚು ಹಿಡಿದ, ಅಶ್ವತ್ಥಪ್ಪ ಅವನ ಸೊಂಟ ಹಿಡಿದರು. ಮೂವರೂ ಬಚ್ಚಲ ಕೊಚ್ಚೆಗೆ ಬಿದ್ದರು.

"ಏಮಿರಾ ಇದಿ! ಏನೋ ಇದು, ನನ್ ಬೋಗುಣಿ ಏನ್ ಮಾಡ್ದೆ?" ಎನ್ನುತ್ತ ವೆಂಕಟರತ್ನಮ್ಮ ಬಂದರು. ಅವರ ಹಿಂದೆಯೇ ಕೋದಂಡರಾಮಪ್ಪ. ಕದಿರೇಶ ಕೊಚ್ಚೆಯಿಂದೆದ್ದು ಬಟ್ಟಲು ಅಂಟಿದ ಬೋಗುಣಿಯನ್ನು ಅವರ ಮುಂದೆ ಹಿಡಿದ.

ಕೋದಂಡರಾಮಪ್ಪ ಅಂಚಿಗೆ ಚಾಕು ತೂರಿಸಿದರು. ಚಾಕುವಿನ ಮೊನೆ ಮುರಿಯಿತು.

"ಮೇಣ ಸವರಿದ್ಯಾ?"

"ಎರಡ್ ಸಲ ಸವರಿದೀನಿ ಸಾರ್!"

"ಆ ಜಿಡ್ಡಾ?" ಮುನಿಯಲ್ಲಮ್ಮ ಸೆರಗಿಗೆ ಕೈ ಒರೆಸುತ್ತ ಬಂದಳು. "ನಾನೇ ಹುಣಿಸೆಹಣ್ಣು ಹಾಕಿ ತಿಕ್ಬಿಟ್ಟೆ. ಪರರ ಪಾತ್ರೆ ಹಂಗಾ ಇಡೋದು?"

ಕದಿರೇಶ ತಲೆಯ ಮೇಲೆ ಕೈಹೊತ್ತು ಕೂತ. ಕೋದಂಡರಾಮಪ್ಪನ ಮುಖ ಮಾತ್ರ ಅರಳಿತು.

"ಕಾರ್ಖಾನೇಲಿ ಯಂತ್ರಕ್ಕೆ ಹಾಕೋ ತಾಮ್ರದ ಬಳೆಗಳಿಗೆ ಈ ಬಟ್ಟೆ ಅಂಟಿಸೋಕೆ ಒದ್ದಾಡ್ತಿದೀವಿ, ಅಂಟಿಸಿದಂಗೆಲ್ಲಾ ಬಿಟ್ಕೊಳ್ತದೆ. ಹುಣಿಸೆಹಣ್ಣಲ್ಲಿ ತಿಕ್ಕಿದ್ದಕ್ಕೆ ಇದು ಚಾಕು ಮುರಿದ್ರೂ ಬಿಡ್ತಿಲ್ಲ! ನಾಳೆಯಿಂದ್ಲೇ ಕೆಲ್ಸಕ್ಕೆ ಬರ್ಬೇಕು."

ಕದಿರೇಶ ಎದ್ದು ನಿಂತ. "ಸಾರ್, ನಾನು..."

"ನೀನಲ್ಲಯ್ಯಾ. ನಿಮ್ಮಮ್ಮ."

ವೆಂಕಟರತ್ನಮ್ಮ ಬೋಗುಣಿಗೆ ಒಂದು ಚೊಂಬು ನೀರು ಹುಯ್ದು ನೋಡಿದರು. ಒಂದು ಹನಿಯೂ ಸೋರಲಿಲ್ಲ. ಎಲ್ಲಿ ಬಿಡಿಸಿಬಿಡುತ್ತಾರೋ ಎಂದು ಅದನ್ನು ಸೊಂಟಕ್ಕಿಟ್ಟುಕೊಂಡು ಬಿರಬಿರನೆ ಮನೆ ಸೇರಿದರು.

ಸೋಮವಾರದ ರೈಲಿನಲ್ಲಿ ಮುನಿಯಲ್ಲಮ್ಮನಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮಡಿಲಲ್ಲಿ ಹುಣಿಸೆಹಣ್ಣಿನ ಗಂಟು, ಮುಖದಲ್ಲಿ ಹೊಸ ಕಳೆ. ಅದನ್ನು ನೋಡಿ, ನಿಂತೇ ಇದ್ದ ಮಗನಿಗೂ ನಿಜವಾಗಿ ಸಂತೋಷವಾಯಿತು.

"ನಂಗೂ ಕಾಲ ಬರ್ತದೆ ಬಿಡಮ್ಮ. ಅಲ್ಲಿ ಅಚ್ಚುಗಳಿಗೆಲ್ಲ ಶನಿವಾರವೇ ಮೇಣ ಸವರಿಟ್ಟವ್ರೆ. ಇವತ್ತು ಒಂದಾದ್ರೂ ನನ್ ಕೈಲೇ ಬಿಡ್ಸೋಕೆ ಕೊಡಿ ಅಂತ ಕೇಳ್ತೀನಿ."

"ಎಲ್ಲಕ್ಕೂ ಜಿಡ್ಡು ಬಳಿದವ್ರಾ?" ಮುನಿಯಲ್ಲಮ್ಮ ಗಂಟನ್ನು ಬಿಗಿಯಾಗಿ ಹಿಡಿದಳು. "ನೀನೇನೂ ಯೋಚ್ನೆ ಮಾಡ್ಬೇಡ ಕಣೋ. ಹೋದ ತಕ್ಷಣ ತಿಕ್ಬಿಡ್ತೀನಿ."