ಯಜಮಾನರ ಚೆಂಡೆಯ ಸೆಟ್ಟಿಂಗ್

ಮನುಷ್ಯ ಹೋದ ಮೇಲೆ ಅವನ ಕನ್ನಡಕ, ಚಪ್ಪಲಿ, ಸ್ವೆಟರ್ ಯಾರಿಗೆ ಕೊಡುವುದೆಂದು ಮನೆಯವರು ಯೋಚಿಸುತ್ತಾರೆ. ಅವನ ಇಷ್ಟಾನಿಷ್ಟಗಳನ್ನು ಎಲ್ಲಿಡುವುದೆಂದು ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿದವಳಲ್ಲ, ಹೋದ ತಿಂಗಳು ನಮ್ಮ ಕಂಪ್ಯೂಟರ್ ಕೈಕೊಡುವವರೆಗೆ.

ಬಸ್ರೂರಿನ ನನ್ನ ಅತ್ತೆ ಹದಿನಾಲ್ಕು ಜನರ ಪ್ರಿಫರೆನ್ಸ್‌ಗಳನ್ನು ತಲೆಯಲ್ಲೇ ಇಟ್ಟುಕೊಂಡಿದ್ದರು. ಮಾವನಿಗೆ ಬಂಗುಡೆ ಮೀನಿನ ತಲೆ, ನಾದಿನಿಗೆ ಬಾಲದ ತುಂಡು, ನಮ್ಮ ಯಜಮಾನರಿಗೆ ಗಂಜಿಯ ತಿಳಿ ಬೇರೆ ಬಟ್ಟಲಲ್ಲಿ. ಯಾರೂ ಬಾಯಿಬಿಟ್ಟು ಕೇಳಬೇಕಿರಲಿಲ್ಲ. ನಾನೋ, ಕಾನ್ವೆಂಟ್ ಹಾಸ್ಟೆಲಿನಿಂದ ಬಂದವಳು. ಅಲ್ಲಿ ಇಷ್ಟವೆಂಬುದೇ ಬ್ಯಾಡ್ ಮ್ಯಾನರ್ಸ್. ತಟ್ಟೆಗೆ ಬಿದ್ದದ್ದನ್ನು ತಿಂದು 'ಥ್ಯಾಂಕ್ಯೂ ಸಿಸ್ಟರ್' ಎನ್ನಬೇಕು. ಮದುವೆಯಾದ ವಾರ ಅತ್ತೆ ನನಗೆ ಯಾವ ತುಂಡು ಬೇಕೆಂದು ಕೇಳಿದಾಗ, 'ಎನಿಥಿಂಗ್' ಎಂದುಬಿಟ್ಟೆ. ಅವರು ಅದನ್ನು ಯಾವುದೋ ಮೀನಿನ ಹೆಸರೆಂದುಕೊಂಡರೋ ಏನೋ, ಬಹಳ ಹೊತ್ತು ನನ್ನನ್ನೇ ನೋಡಿದರು.

ಯಜಮಾನರಿಗೆ ಯಕ್ಷಗಾನದ ಹುಚ್ಚು. ಬ್ರಹ್ಮಾವರ, ಬೈಂದೂರು ಎಂದು ಆಟ ಇದ್ದಲ್ಲೆಲ್ಲ ಟೇಪ್ ರೆಕಾರ್ಡರ್ ಹೊತ್ತು ಹೋಗಿ ತುಂಬಿಸಿಕೊಂಡು ಬಂದ ಕ್ಯಾಸೆಟ್ಟುಗಳನ್ನು, ರಿಟೈರ್ ಆದ ಮೇಲೆ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದರು. ಕೊನೆಯ ವರ್ಷಗಳಲ್ಲಿ ಅವರು ಸೌಂಡನ್ನು ಹೇಗೆ ಇಟ್ಟಿದ್ದರೆಂದರೆ, ಚೆಂಡೆಯ ಪೆಟ್ಟು ಜಿಂಕ್ ಶೀಟಿನ ಮೇಲೆ ತೆಂಗಿನಕಾಯಿ ಬಿದ್ದ ಹಾಗೆ ಕೇಳುತ್ತಿತ್ತು. ನಿಮ್ಮ ಕಿವಿ ಹೋಗಿದೆ, ಡಾಕ್ಟರಿಗೆ ತೋರಿಸಿ ಎಂದು ದಿನಾ ಗದರಿಸುತ್ತಿದ್ದೆ. ಇಂಗ್ಲಿಷ್ ಟೀಚರಾಗಿದ್ದವಳಿಗೆ ಗದರಿಸುವುದೇನು ಹೊಸತಲ್ಲ. ಅವರು ನಕ್ಕು, "ಹೌದ್ ಟೀಚರ್, ಪ್ರಾಯ ಆಯ್ತಲ್ದಾ" ಎನ್ನುತ್ತಿದ್ದರು. ಅವರು ಹೋಗಿ ಎರಡು ವರ್ಷ. ದಿನಾ ಸಂಜೆ ಆ ಗಲಾಟೆಯನ್ನು ಹಾಕಿಕೊಂಡು, ಇಲ್ಲದವರನ್ನು ಅದೇ ಮಾತಿನಲ್ಲಿ ಬೈಯುವುದು ನನ್ನ ರೂಢಿ. ನಮ್ಮಿಬ್ಬರ ನಡುವೆ ಉಳಿದ ಮಾತುಕತೆ ಅದೊಂದೇ.

ವಿಂಡೋಸ್ ಆಮೆಯಾಯಿತೆಂದು ಕುಂದಾಪುರದ ಕಂಪ್ಯೂಟರ್ ಅಂಗಡಿಯ ಶೋಭಾ ಹೊಸ ಡಿಸ್ಕ್ ಕೂರಿಸಿ ಲಿನಕ್ಸ್ ಹಾಕಿಕೊಟ್ಟಳು. ಮನೆಗೆ ತಂದು ಹಾಡು ಹಾಕಿದರೆ, ಭಾಗವತರು ಕಂಬಳಿ ಹೊದ್ದು ಹಾಡಿದ ಹಾಗೆ, ಚೆಂಡೆ ದಿಂಬಿನ ಮೇಲೆ ಬಾರಿಸಿದ ಹಾಗೆ! ಯಜಮಾನರು ಎರಡನೇ ಸಲ ಹೋದಂತಾಯಿತು. ರಿಕ್ಷಾ ಹಿಡಿದು ಅಂಗಡಿಗೆ ಓಡಿದೆ.

"ಅಮ್ಮಾ, ಹಾಡೆಲ್ಲ ಬಂದಿತ್. ಸೆಟ್ಟಿಂಗ್ ಬರ್ಲಿಲ್ಲೆ, ಅದ್ ಬೇರೆ ಬದಿಯಲ್ಲ್ ಇರತ್ತ್" ಎಂದಳು ಶೋಭಾ. ಆಮೇಲೆ ವಿವರಿಸಿದಳು. ವಿಂಡೋಸ್ ನಮ್ಮ ಇಷ್ಟಗಳಲ್ಲಿ ಕೆಲವನ್ನು ರಿಜಿಸ್ಟ್ರಿ ಎಂಬ ದೊಡ್ಡ ಕಪಾಟಿನಲ್ಲಿ, ಕೆಲವನ್ನು ನಮ್ಮದೇ ಹೆಸರಿನ ಒಳಕೋಣೆಯ ಫೋಲ್ಡರಿನಲ್ಲಿ ಬಚ್ಚಿಡುತ್ತದಂತೆ. ಮ್ಯಾಕ್‌ನಲ್ಲಿ ಲೈಬ್ರರಿಯೊಳಗೆ ಪ್ರಿಫರೆನ್ಸಸ್ ಎಂದೇ ಬೋರ್ಡು ಹಾಕಿದ ಜಾಗವಂತೆ. ಲಿನಕ್ಸ್‌ನಲ್ಲಿ ಫೋಲ್ಡರಿನ ಹೆಸರಿನ ಮುಂದೆ ಒಂದು ಚುಕ್ಕಿ ಇಟ್ಟರೆ ಸಾಕಂತೆ, ಅದು ಕಣ್ಣಿಗೇ ಬೀಳುವುದಿಲ್ಲ. ಒಬ್ಬೊಬ್ಬ ಸೊಸೆ ಒಂದೊಂದು ಕಡೆ ಉಪ್ಪಿನಕಾಯಿ ಭರಣಿ ಇಟ್ಟ ಹಾಗೆ ಎಂದುಕೊಂಡೆ. ಹಳೆಯ ಡಿಸ್ಕ್ ಎಲ್ಲಿ ಎಂದು ಕೇಳಿದರೆ, ಸಂಜೆ ಅಳಿಸುವುದಕ್ಕೆಂದು ಮೇಜಿನ ಮೇಲೆ ತೆಗೆದಿಟ್ಟಿದ್ದಾಳೆ! ಅದನ್ನು ಎತ್ತಿ ಅವಳ ಕೈಗೇ ಕೊಟ್ಟು, ಮೊದಲು ಸೆಟ್ಟಿಂಗ್ ಹುಡುಕು ಎಂದೆ.

ಹುಡುಕಿ ತೆಗೆದಳು. ಬರೀ ಅಕ್ಷರ, ಅಂಕಿಗಳ ಒಂದು ಸಣ್ಣ ಫೈಲು. ಯಜಮಾನರು ತಮ್ಮ ಕೈಯಾರೆ ಎರಡು ಸೆಟ್ಟಿಂಗ್ ಮಾಡಿ, ಎರಡಕ್ಕೂ ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರು. ಮೊದಲನೆಯದು 'ಸೆಲ್ಫ್'. ಅದರಲ್ಲಿ ಯಾವ ಸ್ವರವನ್ನೂ ಏರಿಸದೆ ಇಳಿಸದೆ ಎಲ್ಲ ಸೊನ್ನೆ, ವಾಲ್ಯೂಮ್ ಕೂಡ ತಗ್ಗಿನಲ್ಲಿ. ಎರಡನೆಯದರಲ್ಲಿ ವಾಲ್ಯೂಮ್ ಪೂರ್ತಿ, ಚೂಪು ಸ್ವರಗಳೆಲ್ಲ ತುದಿಗೇರಿವೆ. ಅದರ ಹೆಸರು 'ಟೀಚರ್'.

"ಈ ಟೀಚರ್ ಯಾರಮ್ಮಾ? ಕಿವಿ ಕೇಂತಿಲ್ಯಾ ಅವ್ರಿಗೆ?" ಎಂದಳು ಶೋಭಾ.

ನಾನು ಸ್ಕ್ರೀನನ್ನೇ ನೋಡುತ್ತಿದ್ದೆ. ಅಷ್ಟು ವರ್ಷ ಆ ಪೆಟ್ಟು ತಿಂದದ್ದು ಯಾರ ಒಳ್ಳೆಯ ಕಿವಿ, ಯಾರ ಸಲುವಾಗಿ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಭುಜ ಮುಟ್ಟಿದಳು. ಯಾವುದನ್ನು ಹಾಕಬೇಕೆಂದು ಮೂರು ಸಲ ಕೇಳಿದಳಂತೆ. ಸ್ವಲ್ಪ ಗಟ್ಟಿಯಾಗಿ ಮಾತಾಡಬಾರದೇ, ಈಗಿನ ಮಕ್ಕಳೆಲ್ಲ ಮಂಬಲ್ ಮಾಡುತ್ತೀರಿ ಎಂದು ಶುರು ಮಾಡಿದವಳು ಅರ್ಧದಲ್ಲೇ ನಿಲ್ಲಿಸಿದೆ.

"ಟೀಚರ್ದೇ ಹಾಕ್ ಮಗಾ" ಎಂದೆ.

ಚುಕ್ಕಿಯ ಹಿಂದಿನ ಫೋಲ್ಡರಿನಲ್ಲಿ ಅದನ್ನು ಇಟ್ಟುಕೊಟ್ಟಿದ್ದಾಳೆ. ಚೆಂಡೆ ಮೊದಲಿನಂತೆಯೇ ಕೇಳುತ್ತದೆ. ಆದರೆ ಸಂಜೆಯ ನನ್ನ ಕಾರ್ಯಕ್ರಮಕ್ಕೇ ಸಂಚಕಾರ ಬಂದಿದೆ. ಬೈಯಲು ಬಾಯಿ ತೆರೆದರೆ, ಬೈಸಿಕೊಳ್ಳಬೇಕಾದವಳು ಮನೆಯಲ್ಲಿ ನಾನೊಬ್ಬಳೇ.