ನನ್ನ ಕಾರಿನ ಕುಂಯ್ ಮತ್ತು ಚಿಕ್ಕಮಾವ

ಕೆಟ್ಟುಹೋದ ವಸ್ತುವೊಂದು ನಮ್ಮ ಚಿಕ್ಕಮಾವನ ಕೈಗೆ ಸಿಕ್ಕರೆ ಅದರ ಗತಿ ಏನಾಗುತ್ತದೋ ಹೇಳಲಾರೆ. ಆದರೆ ಅದರ ಒಡೆಯರ ಗತಿ ಏನಾಗುತ್ತದೆಂದು ಆಣೆ ಮಾಡಿ ಹೇಳಬಲ್ಲೆ! ಅವರು ತಮಿಳು ಸೀಮೆಯ ಈ ಸಿಂಗಾನಲ್ಲೂರಿನ ಬಸ್ ಸ್ಟ್ಯಾಂಡಿನಲ್ಲಿ, ಸ್ವಂತ ಕಾರಿದ್ದೂ, ಊಟದ ಡಬ್ಬಿ ಹಿಡಿದು ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ. ಅನುಮಾನವಿದ್ದರೆ ಬೆಳಿಗ್ಗೆ ಬಂದು ನೋಡಿ. ಆ ಒಡತಿ ನಾನೇ.

ಚಿಕ್ಕಮಾವ ಎಂದರೆ ನನ್ನ ಗಂಡನ ಚಿಕ್ಕಪ್ಪ. ಎಷ್ಟೋ ತಲೆಮಾರುಗಳ ಹಿಂದೆ ಇಲ್ಲಿ ಬಂದು ನೆಲೆಸಿದ ಕನ್ನಡ ನೇಕಾರರ ಮನೆತನ ಇವರದು. ಪಲ್ಲಡಂನಲ್ಲಿ ಪವರ್‌ಲೂಮ್ ಶೆಡ್ ನಡೆಸುತ್ತಿದ್ದರು. ಮಂಡಿನೋವು ಹೆಚ್ಚಾದ ಮೇಲೆ ಮಗ್ಗಗಳನ್ನೆಲ್ಲ ಮಾರಿ, ಚಿಕ್ಕತ್ತೆಯನ್ನು ಕರೆದುಕೊಂಡು ನಮ್ಮ ಕೆಳಗಿನ ಮನೆಗೆ ಬಂದರು. ಮಗ್ಗಗಳನ್ನು ಮಾರಿದರು, ಸ್ಪ್ಯಾನರುಗಳನ್ನು ಮಾತ್ರ ಮಾರಲಿಲ್ಲ. ನನ್ನ ದುರದೃಷ್ಟ ಶುರುವಾಗಿದ್ದೇ ಅಲ್ಲಿಂದ.

ನಾನು ತುಮಕೂರಿನವಳು. ನನ್ನ ಕನ್ನಡ ಕೇಳಿದರೆ ಚಿಕ್ಕಮಾವನಿಗೆ ರೇಡಿಯೋ ವಾರ್ತೆ ಕೇಳಿದಂತಾಗುತ್ತದಂತೆ. ಅವರ ಕನ್ನಡ ಕೇಳಿದರೆ ನನಗೆ ಅರ್ಧ ತಮಿಳು ಕಲಿತಂತಾಗುತ್ತದೆ. ಹೊರಗೆ ಕಾಲಿಟ್ಟರೆ ಉಳಿದರ್ಧವೂ ತಮಿಳೇ. ದಿನವಿಡೀ ಇದೇ ಆದಮೇಲೆ ನನ್ನೂರಿನ ಮಾತು ನನ್ನ ಕಿವಿಗೆ ಬೀಳುತ್ತಿದ್ದುದು ಒಂದೇ ಹೊತ್ತಿನಲ್ಲಿ: ಬೆಳಿಗ್ಗೆ ಆರ್.ಎಸ್. ಪುರಂನ ಆಫೀಸಿಗೆ ಕಾರು ಓಡಿಸುವಾಗ. ನಮ್ಮಮ್ಮನಿಗೆ ಮೊಬೈಲಿನಲ್ಲಿ ಟೈಪು ಮಾಡುವುದೆಂದರೆ ಆಗದು. ಆದ್ದರಿಂದ ಬೆಳಿಗ್ಗೆ ಎದ್ದವಳೇ ಉದ್ದುದ್ದ ವಾಯ್ಸ್ ಮೆಸೇಜು ಕಳಿಸುತ್ತಾಳೆ. ಪಕ್ಕದ ಮನೆಯವರು ತಂದ ಹೊಸ ಮಿಕ್ಸಿ, ತರಕಾರಿಯವನ ತೂಕದ ಮೋಸ, ಅಪ್ಪನ ಗೊರಕೆ, ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಚೆನ್ನಾಗಿ ಕೇಳಬೇಕೆಂದೇ ಹಳೆಯ ಕಾರಿಗೆ ಹೊಸ ಸ್ಟೀರಿಯೋ, ಹಿಂದಿನ ಸೀಟಿನ ಕೆಳಗೊಂದು ಆಂಪ್ಲಿಫೈಯರು ಹಾಕಿಸಿದೆ.

ಹಾಕಿಸಿದ ಮರುದಿನವೇ ಕುಂಯ್ ಬಂತು. ಕಾರು ನಿಂತಿದ್ದರೆ ಸಣ್ಣ ಕುಂಯ್, ಆಕ್ಸಿಲರೇಟರ್ ಒತ್ತಿದರೆ ಕುಂಯ್ಯ್ಯ್ ಎಂದು ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಅಮ್ಮನ ಪ್ರತಿ ಮಾತಿನ ಹಿಂದೆ ಸೊಳ್ಳೆಯೊಂದು ರಾಗ ಹಾಡುತ್ತಿದ್ದರೆ ಯಾರು ಕೇಳಿಯಾರು? ಎರಡು ದಿನ ಹಲ್ಲು ಕಚ್ಚಿಕೊಂಡು ಕೇಳಿ, ಆಮೇಲೆ ಸ್ಟೀರಿಯೋ ಆರಿಸಿಬಿಟ್ಟೆ. ಮನೆಗೆ ಬಂದು ಗೊಣಗಿದೆ. ಗೊಣಗಿದ್ದು ಗಂಡನೆದುರು. ಆದರೆ ಬಾಗಿಲಲ್ಲಿ ಚಿಕ್ಕಮಾವ ನಿಂತಿದ್ದರು.

ಬೀಗದ ಕೈಗೆಂದು ಕೈ ಮುಂದೆ ಚಾಚಿದರು. "ಸಾವಿ ಕೊಡಮ್ಮ."

"ಬೇಡ ಮಾವ, ಹಾಕಿಕೊಟ್ಟ ಅಂಗಡಿಗೇ ತೋರಿಸ್ತೀನಿ."

"ಅವನು ಮಾಡಿದ ತಪ್ಪು ಅವನ ಕಣ್ಣಿಗೇ ಕಾಣ್ಸಿದ್ರೆ ಅವನು ಯಾಕೆ ಮಾಡ್ತಿದ್ದ? ಕವಲೆ ಪಡಬೇಡ. ವಂಡಿ ನಾನು ನೋಡ್ಕಂತೀನಿ."

ಈ ತರ್ಕಕ್ಕೆ ಉತ್ತರ ನಿಮ್ಮ ಬಳಿ ಇದೆಯೇ? ಬೀಗದ ಕೈ ಕೊಟ್ಟೆ, ಬಸ್ಸು ಹತ್ತಿದೆ. ಗಂಡನನ್ನು ದಬಾಯಿಸಿದರೆ, "ಚಿಕ್ಕಪ್ಪ ಹಂಗೇ, ಸ್ವಲ್ಪ ಪೊರುಮೆ ಇರಲಿ" ಎಂದು ತಾನು ಬೈಕಿನಲ್ಲಿ ಹೊರಟುಹೋದ.

ತಾಳ್ಮೆಯಂತೆ! ಸಂಜೆ ಬಂದರೆ ನನ್ನ ಕಾರಿನ ಹಿಂದಿನ ಸೀಟು ಜಗಲಿಯ ಮೇಲಿತ್ತು. ಅದರ ಮೇಲೆ ಚಿಕ್ಕತ್ತೆ ಕೂತು ಸಣ್ಣ ಈರುಳ್ಳಿ ಬಿಡಿಸುತ್ತಿದ್ದರು. ತುಂಬ ಆರಾಮವಾಗಿದೆ ಎಂದು ಸರ್ಟಿಫಿಕೇಟು ಬೇರೆ ಕೊಟ್ಟರು.

ಅದಕ್ಕಿಂತ ಸಿಟ್ಟು ಬರಿಸುತ್ತಿದ್ದುದು ಪರೀಕ್ಷೆಯ ಪದ್ಧತಿ. ದಿನವೂ ಆಫೀಸಿನಿಂದ ಬಂದ ಕೂಡಲೇ ಕಾಫಿಗೂ ಮುಂಚೆ ನಾನು ಅವರ ಪಕ್ಕದ ಸೀಟಿನಲ್ಲಿ ಕೂರಬೇಕು. ಅವರು ಇಂಜಿನ್ ಶುರು ಮಾಡಿ, ಆಕ್ಸಿಲರೇಟರ್ ಒತ್ತಿ, ಸ್ಪೀಕರಿನ ಕಡೆ ನೋಡದೆ, ಮೀಟರಿನ ಕಡೆ ನೋಡದೆ, ನನ್ನ ಮುಖವನ್ನೇ ದಿಟ್ಟಿಸುತ್ತಾರೆ. ನೆಟ್ಟ ನೋಟ. ರೆಪ್ಪೆ ಬಡಿಯುವುದಿಲ್ಲ. ಮುಜುಗರವಾಗಿ ನಾನು ಕಿಟಕಿಯ ಕಡೆ ತಿರುಗಿದರೆ, "ಇಲ್ಲಿ ನೋಡಮ್ಮ, ಇಲ್ಲಿ" ಎಂದು ಫೋಟೋ ಸ್ಟುಡಿಯೋದವರ ಹಾಗೆ ಕರೆಯುತ್ತಾರೆ. ಸದ್ದು ಬರುತ್ತಿರುವುದು ಕಾರಿನಿಂದಲೋ ನನ್ನ ಮೂಗಿನಿಂದಲೋ?

ಹೋಗಲಿ, ಕೆಲಸವಾದರೂ ಸರಿಯಾಗಿತ್ತೇ? ಕೇಳಿ. ಮ್ಯಾಟಿನ ಕೆಳಗೆ ವೈರುಗಳು ಅಡ್ಡಾದಿಡ್ಡಿ ಬಿದ್ದಿದ್ದುದನ್ನು ಕಂಡು ಅವರ ನೇಕಾರ ಹೃದಯಕ್ಕೆ ಗಾಯವಾಯಿತು. ಎಳೆ ಎಂದರೆ ಎಳೆಯ ಪಕ್ಕ ನೆಟ್ಟಗೆ ಇರಬೇಕು! ಬ್ಯಾಟರಿಯಿಂದ ಬರುವ ದಪ್ಪ ಕೆಂಪು ವೈರನ್ನೂ ಸ್ಟೀರಿಯೋದಿಂದ ಹಾಡು ತರುವ ಸಣ್ಣ ವೈರನ್ನೂ ಒಟ್ಟಿಗೆ ಸೇರಿಸಿ, ಗೇಣಿಗೊಂದು ಗಂಟಿನಂತೆ ಬಿಳಿ ನೂಲಿನಲ್ಲಿ ಉದ್ದಕ್ಕೂ ಕಟ್ಟಿದರು. ನೋಡಲು ಜಡೆ ಹೆಣೆದಂತಿತ್ತು. ಇಡೀ ಬೀದಿಯವರನ್ನು ಕರೆದು ತೋರಿಸಿದರು.

ಆಮೇಲೆ ಇಂಜಿನ್ ಶುರು ಮಾಡಿದರು. ಕುಂಯ್ ಈಗ ಸೈರನ್ ಆಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೆಂದರು, "ಜಾಸ್ತಿ ಆಯ್ತಾ? ಮುಖ ನೆನ್ನೆಗಿಂತ ಸುರುಟ್ಕಂಡೈತೆ."

ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಹುಡುಕಿ ಓದಿಕೊಂಡಿದ್ದನ್ನು ಒಪ್ಪಿಸಿದೆ. "ಆ ಎರಡು ವೈರು ಪಕ್ಕಪಕ್ಕ ಇರಲೇಬಾರದಂತೆ ಮಾವ. ದೊಡ್ಡದರ ಕರೆಂಟಿನ ಸದ್ದು ಸಣ್ಣದಕ್ಕೆ ಹತ್ತುತ್ತಂತೆ. ಒಂದನ್ನು ಎಡಗಡೆಯಿಂದ, ಇನ್ನೊಂದನ್ನು ಬಲಗಡೆಯಿಂದ ತರಬೇಕಂತೆ."

"ಒಂದೇ ವಂಡಿಗೆ ಎರಡು ದಾರಿಯಾ?" ಎಂದು ಅವರು ಬಹಳ ನೊಂದುಕೊಂಡರು. ಕಟ್ಟಿದ ಗಂಟುಗಳನ್ನು ಕತ್ತರಿಸಲು ಮನಸ್ಸು ಬರದೆ, ಕಾರಿನೊಳಗೇ ಕೂತು ಒಂದೊಂದನ್ನೇ ಉಗುರಿನಲ್ಲಿ ಬಿಚ್ಚಿದರು. ಅದಕ್ಕೊಂದು ಇಡೀ ಭಾನುವಾರ ಹೋಯಿತು. ಸೋಮವಾರ ನಾನು ಮತ್ತೆ ಬಸ್ಸಿನಲ್ಲಿ, ಯಾರದೋ ಬಾಳೆಗೊನೆಯ ಪಕ್ಕ.

ವೈರು ಬೇರೆಯಾದಮೇಲೆ ಸೈರನ್ ಹೋಗಿ ಹಳೆಯ ಕುಂಯ್ ವಾಪಸು ಬಂತು. ನಾನು ಅಂಗಡಿಯ ಮಾತೆತ್ತಿದೆ. ಚಿಕ್ಕಮಾವ ಕೇಳಿಸದವರಂತೆ ಕೂತರು. ಅವರ ಈ ಕೇಳಿಸದವರಂತೆ ಕೂರುವ ವಿದ್ಯೆಯ ಬಗ್ಗೆ ನನಗೆ ಹಿಂದಿನಿಂದಲೂ ಕೋಪವಿತ್ತು. ಕುಕ್ಕರ್ ಪಕ್ಕದಲ್ಲೇ ಕೂಗುತ್ತಿದ್ದರೂ ಏಳುವುದಿಲ್ಲ. ಅವರದೇ ಫೋನು ಅವರದೇ ಜೇಬಿನಲ್ಲಿ ಬಡಿದುಕೊಂಡರೂ ತೆಗೆಯುವುದಿಲ್ಲ. ದೊಡ್ಡ ಮನುಷ್ಯರ ಗತ್ತು ಎಂದುಕೊಂಡಿದ್ದೆ.

ಅದಾದ ಮೇಲೆ ನಡೆದದ್ದನ್ನು ಯಾವ ಕಾರಿನ ಒಡತಿಯೂ ನೋಡಬಾರದು. ಬೆಳಿಗ್ಗೆ ಡಬ್ಬಿ ಹಿಡಿದು ಕೆಳಗಿಳಿದರೆ ಚಿಕ್ಕಮಾವ ಉಪ್ಪುಕಾಗದ ಹಿಡಿದು ಕಾರಿನೊಳಗೆ ಬಗ್ಗಿ ಕರಕರ ಉಜ್ಜುತ್ತಿದ್ದಾರೆ. ಸೀಟಿನ ಕೆಳಗಿನ ತಗಡಿನ ಬಣ್ಣವೆಲ್ಲ ಪುಡಿಪುಡಿಯಾಗಿ ಉದುರುತ್ತಿದೆ.

"ಮಾವ! ಬಣ್ಣ!"

"ಬಣ್ಣದ ಮೇಲೇನೇ ಅರ್ತ್ ಬೋಲ್ಟು ಕೂರ್ಸವ್ನೆ ಆ ಅಂಗಡಿಯೋನು. ಕರೆಂಟು ತಗಡಿಗೆ ಹೋಗದೆ ಎಲ್ಲಿ ಹೋಗ್ಬೇಕು, ಸ್ಪೀಕರಿಗೇ ಹೋಗುತ್ತೆ. ಸೀಕ್ರ ಬಾ, ಕೂತ್ಕೊ."

ಕೂತೆ. ಬೋಲ್ಟು ಬಿಗಿದು ಇಂಜಿನ್ ಶುರು ಮಾಡಿದರು. ಆಕ್ಸಿಲರೇಟರ್ ಒತ್ತಿದರು. ನನ್ನ ಮುಖ ನೋಡಿದರು. ಅದೇ ಗಳಿಗೆಗೆ ನನ್ನ ಮೊಬೈಲಿಗೆ ಆಫೀಸಿನ ಮೇಲಧಿಕಾರಿಯ ಮೆಸೇಜು ಬರಬೇಕೇ? ಇವತ್ತೂ ತಡವೇ ಎಂದು ಕೇಳಿದ್ದರು. ನಾನು ಮುಖ ಗಂಟಿಕ್ಕಿದೆ.

ಚಿಕ್ಕಮಾವ ಇಂಜಿನ್ ಆರಿಸಿಬಿಟ್ಟರು. ಹೆಗಲು ಜೋತುಬಿತ್ತು. "ಇನ್ನೂ ಐತಾ?"

ಆಗ ನನಗೆ ಹೊಳೆಯಿತು. ಕಾರಿನಲ್ಲಿ ಕುಂಯ್ ಇರಲೇ ಇಲ್ಲ. ಒಂದು ಚೂರೂ ಇರಲಿಲ್ಲ.

"ಪೂರ್ತಿ ಹೋಗಿದೆಯಲ್ಲ ಮಾವ. ನಿಮಗೆ ಕೇಳಿಸಲಿಲ್ವಾ?"

ಅವರು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸತೊಡಗಿದರು. ಜಗಲಿಯಿಂದ ಚಿಕ್ಕತ್ತೆಯೇ ಹೇಳಿದರು. "ಅವ್ರಿಗೆ ಎಲ್ಲಿಂದಮ್ಮ ಕೇಳ್ಬೇಕು? ಆ ಮಗ್ಗದ ಸದ್ದೊಳಗೇ ಇದ್ದು ಇದ್ದು ಸಣ್ಣ ಸತ್ತಂ, ಕೀರಲು ಸತ್ತಂ ಎಲ್ಲಾ ಎಂದೋ ಹೋಯ್ತು, ಆಡೋ ಮಾತು ಕೇಳ್ತದೆ ಅಷ್ಟೇ. ನನ್ನ ಬಳೆ ಸದ್ದೂ ಕೇಳಲ್ಲ."

ಇಷ್ಟು ದಿನ ಈ ಮನುಷ್ಯ ತನಗೆ ಕೇಳಿಸದ ಸದ್ದೊಂದನ್ನು ಹುಡುಕುತ್ತಿದ್ದರು! ಬೇರೆ ದಾರಿಯಿಲ್ಲದೆ ನನ್ನ ಮುಖದಲ್ಲಿ ಹುಡುಕುತ್ತಿದ್ದರು. ಸೀಟು ಬಿಚ್ಚಿದ್ದು, ಬಣ್ಣ ಕೆರೆದದ್ದು, ನನ್ನನ್ನು ಬಸ್ಸಿಗೆ ತಳ್ಳಿದ್ದು, ಯಾವುದಕ್ಕೆ ಎಷ್ಟು ಕೂಗಾಡಬೇಕೆಂದು ದಿನವೂ ಬಸ್ಸಿನಲ್ಲಿ ನಿಂತು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಅದೆಲ್ಲ ಮರೆತೇಹೋಯಿತು.

"ಕೇಳಿಸದಿದ್ದಮೇಲೆ ಯಾಕೆ ಮಾವ ಇಷ್ಟು ಒದ್ದಾಡಿದ್ರಿ?" ಎಂದು ಗಟ್ಟಿಯಾಗಿ ಕೇಳಿದೆ.

"ನಿಮ್ಮಮ್ಮ ಪೇಸೋದು ಕೇಳ್ತಾ ವಂಡಿ ತೆಗೀತೀಯಲ್ಲ, ಗೇಟಿನಾಗೆ ನಿಂತು ನೋಡಿದೀನಿ. ಒಂದು ಮುಖ ಇರ್ತದೆ. ಆಮೇಲೆ ಆ ಮುಖ ಕಾಣ್ಲೇ ಇಲ್ಲ."

ನಾನು ಮೊಬೈಲು ತೆಗೆದು ಅವತ್ತಿನ ಮೆಸೇಜು ಹಾಕಿದೆ. ಇಂಜಿನ್ ಶುರು ಮಾಡಿ ಎಂದು ಅವರಿಗೆ ಸನ್ನೆ ಮಾಡಿದೆ. ಅಮ್ಮನ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಶುದ್ಧವಾಗಿ ಬಂತು. ಬಂದದ್ದಾದರೂ ಏನು? "ಏನೇ, ಆ ನಿನ್ನ ಚಿಕ್ಕಮಾವ ಕಾರು ಕೊಟ್ಟರೋ ಇಲ್ಲವೋ? ಮನುಷ್ಯರಾ ಅವರು?"

ಎಲ್ಲವೂ ನಾನೇ ಅವಳ ಕಿವಿಗೆ ತುಂಬಿದ್ದು. ಚಿಕ್ಕಮಾವ ಸ್ಪೀಕರಿನ ಕಡೆ ಬಗ್ಗಿ ಕಿವಿ ಕೊಟ್ಟರು. ತಲೆ ಆಡಿಸಿದರು.

"ಏನಂತಾರೆ ನಿಮ್ಮಮ್ಮ?"

"ನಿಮ್ಮನ್ನೇ ವಿಚಾರಿಸ್ತಿದ್ದಾರೆ ಮಾವ."

"ಹೌದಾ?" ಅವರಿಗೆ ತುಂಬ ಸಂತೋಷವಾಯಿತು. ಅಂಗಿಯ ಕಾಲರು ಸರಿಮಾಡಿಕೊಂಡರು. "ಚೆನ್ನಾಗವ್ರೆ ಅಂತ ಹೇಳು."

ಅಮ್ಮ ಮುಂದುವರಿಸಿದಳು. ಮಿಕ್ಸಿ, ಕೊತ್ತಂಬರಿ, ಅಪ್ಪನ ಗೊರಕೆ. ಚಿಕ್ಕಮಾವ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರು, ಎಂದಿನಂತೆ ನನ್ನ ಮುಖವನ್ನೇ ನೋಡಿದರು. ನನ್ನ ಕಣ್ಣು ತುಂಬಿ ಬಂದಿತ್ತು. ಆದರೂ ಈ ಸಲ ನಾನು ಕಿಟಕಿಯ ಕಡೆ ತಿರುಗಲಿಲ್ಲ.