ಅತ್ತೆಯ ಕರಿ ಚಸ್ಮಾ ಮತ್ತು ನನ್ನ ಆಕಾಶಬುಟ್ಟಿ

ಹಾವು, ಹಲ್ಲಿ, ತಪಾಸಣೆಗೆ ಬರುವ ಅಧಿಕಾರಿ, ಇವರ್ಯಾರ ಭಯವೂ ನನಗೆ ಅಷ್ಟಾಗಿ ಇಲ್ಲ. ನಾನು ನಡುಗುವುದು ಒಂದೇ ಮಾತಿಗೆ: "ಏನಿಲ್ರಿ, ಭಾಳ ಸರಳ ಐತಿ." ಈ ಮಾತು ಕಿವಿಗೆ ಬಿತ್ತೆಂದರೆ ಮುಂದಿನ ಅರ್ಧ ಗಂಟೆಯೊಳಗೆ ನನ್ನ ಮರ್ಯಾದೆ ಹೋಗಲಿದೆ ಎಂದೇ ಅರ್ಥ. ಜೋಳದ ರೊಟ್ಟಿ ಬಡಿಯುವುದು ಭಾಳ ಸರಳ ಅಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ನನ್ನ ರೊಟ್ಟಿ ಇವತ್ತಿಗೂ ತನಗೆ ತೋಚಿದ ಆಕಾರದಲ್ಲಿ ಹಂಚಿನ ಮೇಲೆ ಬೀಳುತ್ತದೆ. ಸೀರೆಗೆ ಫಾಲ್ ಹಚ್ಚುವುದು ಭಾಳ ಸರಳ ಅಂದರು. ಹಚ್ಚಿ ಮುಗಿಸಿ ಎದ್ದರೆ, ಹೊಸ ಸೀರೆಯ ಜೊತೆ ನಾನು ಉಟ್ಟ ಸೀರೆಯೂ ಸೇರಿ ಹೊಲಿದುಹೋಗಿತ್ತು. ಇಷ್ಟಾಗಿ ನಾನು ಟಿಕೋಟಾದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿ, ಕೈವಾರ ಮುಟ್ಟದೆ ಹಲಗೆಯ ಮೇಲೆ ದುಂಡನೆಯ ವೃತ್ತ ಬರೆದು ಮಕ್ಕಳಿಂದ "ಹೋ" ಅನ್ನಿಸಿಕೊಂಡು ಬರುವವಳು. ಆದರೆ ಅದೇ ವೃತ್ತವನ್ನು ಹಿಟ್ಟಿನಲ್ಲಿ ಬಾ ಎಂದು ಕರೆದರೆ ಅದು ಬರುವುದಿಲ್ಲ. ಮಾಸ್ತರಿಕೆಯವರಿಗೆ ಬಾಯಿಯೇ ಬಂಡವಾಳ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಬೇರೆ ಯಾರೂ ಹೇಳುವುದಿಲ್ಲವಲ್ಲ!

ನಮ್ಮ ಮನೆಯಲ್ಲೊಂದು ಕಟ್ಟಳೆಯಿದೆ. ದೀಪಾವಳಿಗೆ ಬಾಗಿಲ ಮುಂದೆ ತೂಗುವ ಆಕಾಶಬುಟ್ಟಿಯನ್ನು ಅಂಗಡಿಯಿಂದ ತರುವಂತಿಲ್ಲ. ಮನೆಯ ಹೆಣ್ಣುಮಗಳೇ ಕೈಯಾರೆ ಕಟ್ಟಬೇಕು. ಕಟ್ಟುತ್ತ ಬಂದವರು ನಮ್ಮ ಅತ್ತೆ. ದಸರೆಯ ಬನ್ನಿ ಕೊಟ್ಟು ಮುಗಿಯುವುದೇ ತಡ, ಅವರ ಬಿದಿರ ಕಡ್ಡಿಗಳು ನೀರಿನಲ್ಲಿ ನೆನೆಯಲು ಬೀಳುತ್ತಿದ್ದವು. ಹನ್ನೆರಡು ಕಡ್ಡಿ ಸೇರಿಸಿ ದಾರದಿಂದ ಬಿಗಿದು ಚೌಕ ಪೆಟ್ಟಿಗೆಯ ಹಂದರ ಮಾಡಿ, ಮೈದಾ ಹಿಟ್ಟು ಕುದಿಸಿದ ಅಂಟು ಸವರಿ, ಪತಂಗದ, ಅಂದರೆ ಗಾಳಿಪಟದ, ಹಾಳೆ ಮೆತ್ತಿ, ಕೆಳಗೆ ಬಣ್ಣಬಣ್ಣದ ಬಾಲ ಇಳಿಬಿಟ್ಟರೆ ನಮ್ಮ ಓಣಿಯ ಜನ ನಿಂತು ನೋಡಬೇಕು. ಒಮ್ಮೆ ನಮ್ಮವರು ಪ್ಲಾಸ್ಟಿಕ್ಕಿನದೊಂದು ತಂದರು. ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ಕೈಗೆ ಸಿಕ್ಕಿದ್ದನ್ನು ತರುವುದು ಅವರ ಗುಣ. ಅತ್ತೆ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಅಂಗಡ್ಯಾಗಿಂದು ತೂಗಹಾಕಿದ್ರ ಲಕ್ಷ್ಮೀ ಅಂಗಡಿಗೇ ಹೋಗ್ತಾಳ. ನಮ್ಮ ಮನಿಗ್ಯಾಕ ಬರ್ತಾಳ?" ಅಂದರು. ಈ ಮಹಾಕಾರ್ಯದಲ್ಲಿ ನನ್ನ ಪಾಲಿಗಿದ್ದದ್ದು ಬಾಲ ಕತ್ತರಿಸುವ ಕೆಲಸ. ಮೂರನೆಯ ವರ್ಷ ಕತ್ತರಿಯನ್ನೂ ಕಸಿದುಕೊಂಡು, "ನೀ ಚಾ ಮಾಡ್ಕೊಂಡ್ ಬಾ" ಎಂದು ನನಗೆ ಬಡ್ತಿ ಕೊಟ್ಟರು. ಆಮೇಲಿನ ವರ್ಷಗಳನ್ನು ನಾನು ಚಹಾದಲ್ಲಿ ಸುಖವಾಗಿ ಕಳೆದೆ.

ಈ ವರ್ಷ ನವರಾತ್ರಿ ಮುಗಿಯುತ್ತಲೇ ಅತ್ತೆಯ ಎರಡನೆಯ ಕಣ್ಣಿನ ಪೊರೆ ತೆಗೆಸಿದೆವು. ಡಾಕ್ಟರು ಒಂದು ಕರಿ ಚಸ್ಮಾ ಕೊಟ್ಟು, ಹೊಗೆ ಬೇಡ, ಬಗ್ಗುವುದು ಬೇಡ, ಕಣ್ಣಿಗೆ ಶ್ರಮ ಬೇಡ ಎಂದು ಬೇಡಗಳ ಪಟ್ಟಿಯನ್ನೇ ಹೇಳಿ ಕಳಿಸಿದರು. ನೂಲಿನ ಸೀರೆ, ಹಣೆ ತುಂಬ ಕುಂಕುಮ, ಮೇಲೊಂದು ಕರಿ ಚಸ್ಮಾ. ಅತ್ತೆ ಪಡಸಾಲೆಯಲ್ಲಿ ಕುಳಿತರೆ ಹಾಲಿನವನೂ ಎರಡು ಹೆಜ್ಜೆ ಹಿಂದೆ ನಿಂತೇ ಹಾಲು ಹಾಕುತ್ತಿದ್ದ. ಆ ಚಸ್ಮಾದ ಹಿಂದೆ ಕಣ್ಣು ಯಾವ ಕಡೆ ನೋಡುತ್ತಿದೆ, ತೆರೆದಿದೆಯೋ ಮುಚ್ಚಿದೆಯೋ, ಯಾರಿಗೂ ತಿಳಿಯುತ್ತಿರಲಿಲ್ಲ. ಪಾಪ, ಏನೂ ಕಾಣುವುದಿಲ್ಲ ಅಂದುಕೊಂಡು ನಾನು ಕೈಹಿಡಿದು ನಡೆಸುತ್ತಿದ್ದೆ. ಅವರೂ ಸುಮ್ಮನೆ ನಡೆಸಿಕೊಳ್ಳುತ್ತಿದ್ದರು.

ಹಬ್ಬಕ್ಕೆ ಹತ್ತು ದಿನವಿರುವಾಗ ಅತ್ತೆ ನನ್ನನ್ನು ಕರೆದರು. "ಸುಮಾ, ಈ ವರ್ಷ ಬುಟ್ಟಿ ನೀ ಕಟ್ಟಬೇಕಾತಲ್ಲ ಬೇ. ಏನಿಲ್ಲ, ಭಾಳ ಸರಳ ಐತಿ."

ಬಂತಲ್ಲ ಆ ಮಾತು! ಅವರು ಮುಂದುವರಿಸಿದರು: "ಆಗಾಂಗಿಲ್ಲಂದ್ರ ಈಗ ಹೇಳಿಬಿಡು. ಕೈಲೇ ಕಟ್ಟಿದ ಬುಟ್ಟಿ ಇಲ್ಲದ ಮನ್ಯಾಗ ನಾ ಹಬ್ಬಾ ಮಾಡಾಕಿ ಅಲ್ಲ. ಬಬಲೇಶ್ವರಕ್ಕ ಹೋಗ್ತೇನಿ. ಶಾಂತಾ ಕಟ್ತಾಳ."

ಶಾಂತಕ್ಕ ನನ್ನ ನೆಗೆಣ್ಣಿ, ಅಂದರೆ ನಮ್ಮವರ ಅಣ್ಣನ ಹೆಂಡತಿ. ಬಬಲೇಶ್ವರದಲ್ಲಿ ಹೊಲ, ಮನೆ, ಎಮ್ಮೆ ಎಲ್ಲವನ್ನೂ ಸಂಭಾಳಿಸಿಕೊಂಡು, ನಡುವೆ ಹಳೆ ಸೀರೆಗಳ ಕೌದಿ ಹೊಲಿಯುತ್ತಾಳೆ, ಸಂಡಿಗೆ ಹಾಕುತ್ತಾಳೆ. ಅವಳ ರೊಟ್ಟಿಯನ್ನು ನಾನು ಒಮ್ಮೆ ಗುಟ್ಟಾಗಿ ಅಳೆದಿದ್ದೇನೆ. ಯಾವ ಕಡೆಯಿಂದ ಅಳೆದರೂ ವ್ಯಾಸ ಒಂದೇ. ಅಂಥವಳ ಮನೆಗೆ ಅತ್ತೆ ಹಬ್ಬಕ್ಕೆ ಹೋಗುತ್ತಾರೆಂದರೆ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ಆದರೆ ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ನನ್ನ ತಾಯಿ ನಾನು ಚಿಕ್ಕವಳಿರುವಾಗಲೇ ಹೋದಳು. ನರಕಚತುರ್ದಶಿಯ ಬೆಳಿಗ್ಗೆ ನನ್ನನ್ನು ಮಣೆಯ ಮೇಲೆ ಕೂರಿಸಿ, "ಏನ್ ಕೂದಲಾನೋ ಏನ್ ಕತ್ತಾಳಿನೋ" ಎಂದು ಬೈಯುತ್ತ ತಲೆಗೆ ಎಣ್ಣೆ ತಿಕ್ಕುವವರು ಈ ಅತ್ತೆಯೇ. ವಾರಕ್ಕೆ ಮೂರು ಸಲ ನಾವು ಜಗಳಾಡುತ್ತೇವೆ, ಆ ಮಾತು ಬೇರೆ. ಅವರಿಲ್ಲದ ದೀಪಾವಳಿ ನನಗೆ ಬೇಕಿರಲಿಲ್ಲ. "ಆಗಾಂಗಿಲ್ಲ ಅಂತ ಯಾರಂದ್ರು ಅತ್ತಿ? ನಾ ಕಟ್ತೇನ್ರಿ" ಅಂದುಬಿಟ್ಟೆ.

ಕಟ್ಟಲು ಕುಳಿತೆ. ಘನ ಎಂಬ ಆಕೃತಿಗೆ ಹನ್ನೆರಡು ಅಂಚು, ಎಂಟು ಮೂಲೆ, ಒಂದೊಂದು ಮೂಲೆಯಲ್ಲಿ ಮೂರು ಅಂಚು ಸೇರುತ್ತವೆ ಎಂದು ವರ್ಷವರ್ಷ ಪಾಠ ಮಾಡಿದವಳು ನಾನು. ಆದರೆ ಆ ಮೂರು ಅಂಚುಗಳನ್ನು ಹಿಡಿದುಕೊಳ್ಳಲು ಒಂದು ಕೈ, ದಾರ ಸುತ್ತಲು ಒಂದು ಕೈ, ಗಂಟು ಹಾಕಲು ಇನ್ನೆರಡು ಕೈ ಬೇಕೆಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. ಹಲ್ಲಿನಿಂದ ದಾರ ಕಚ್ಚಿ, ಮೊಣಕಾಲಲ್ಲಿ ಕಡ್ಡಿ ಒತ್ತಿ, ಹೇಗೋ ಎಂಟು ಮೂಲೆ ಮುಗಿಸಿ ಕೈಬಿಟ್ಟೆ. ನನ್ನ ಘನಾಕೃತಿ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿ, ಸಮತಲಾಕೃತಿಯಾಗಿ ನೆಲದ ಮೇಲೆ ಮಲಗಿತು. ಮೂರು ದಿನ ಹೀಗೇ ಎಬ್ಬಿಸಿದೆ, ಮೂರು ದಿನವೂ ಮಲಗಿತು. ಅಂಟಿನ ಕಥೆ ಇನ್ನೊಂದು. ಅದರಲ್ಲಿ ಎಂಥ ಗಂಟುಗಳಾದವೆಂದರೆ, ನಮ್ಮವರು ಅಡುಗೆಮನೆಗೆ ಬಂದು ಪಾತ್ರೆಯಲ್ಲಿ ಇಣುಕಿ, "ಇವತ್ತ ಕಡಬು ಮಾಡಾಕತ್ತೀಯೇನು?" ಎಂದು ಆಸೆಯಿಂದ ಕೇಳಿದರು. ಅಷ್ಟರಲ್ಲಿ ಬಬಲೇಶ್ವರದಿಂದ ಶಾಂತಕ್ಕನ ಫೋನು. "ಸುಮಾ, ಆಗಲಿಲ್ಲಂದ್ರ ಅತ್ತೀನ್ನ ಇಲ್ಲೇ ಕಳಿಸಿಬಿಡು ಯವ್ವಾ. ನೀ ಸಾಲಿಗೆ ಹೋಗಾಕಿ, ನಿನಗೆಲ್ಲಿ ಟೈಮು? ನಾ ಒಂದ್ ತಾಸಿನ್ಯಾಗ ಕಟ್ಟಿ ಒಗೀತೇನಿ." ಪ್ರೀತಿಯಿಂದಲೇ ಹೇಳಿದಳು. ಅದೇ ನನಗೆ ಇನ್ನೂ ಹೆಚ್ಚು ಉರಿಯಿತು.

ಮರುದಿನ ಶಾಲೆಯಿಂದ ಬಂದವಳು ಮನೆಗೆ ಹೋಗದೆ ಸೀದಾ ಗೋಳಗುಮ್ಮಟದ ಕಡೆ ನಡೆದೆ. ಅಲ್ಲಿ ರಸ್ತೆಯಂಚಿಗೆ ಹಸೀನಾಬಿ ಎಂಬ ಮುದುಕಿ ಆಕಾಶಬುಟ್ಟಿಗಳನ್ನು ತೂಗುಹಾಕಿಕೊಂಡು ಕುಳಿತಿರುತ್ತಾಳೆ. ಸಂಕ್ರಾಂತಿಗೆ ಪತಂಗ, ಮೊಹರಮ್ಮಿಗೆ ತಾಬೂತಿನ ಕಾಗದದ ಹೂವು, ದೀಪಾವಳಿಗೆ ಆಕಾಶಬುಟ್ಟಿ, ಹೀಗೆ ವರ್ಷವಿಡೀ ಕಾಗದದ ಕೆಲಸ ಅವಳದು. ನಾನು ಅತ್ತಿತ್ತ ನೋಡಿ, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದೆ: "ಇವು ಕೈಲೇ ಮಾಡಿದ್ದೇನ್ರಿ?"

"ಕೈಲೇ ಮಾಡದ ಕಾಲ್ಲೇ ಮಾಡ್ತಾರೇನ್ ಅಕ್ಕಾರ?"

ಒಂದನ್ನು ಇಳಿಸಿ ನೋಡಿದೆ. ಅಬ್ಬಾ! ಕಡ್ಡಿಗೆ ಕಡ್ಡಿ ಕೂಡಿದ ಗುರುತೇ ಇಲ್ಲ, ಹಾಳೆಯಲ್ಲಿ ಒಂದು ಸುಕ್ಕಿಲ್ಲ. ಇದನ್ನು ನಾನು ಕಟ್ಟಿದೆ ಎಂದರೆ ನಮ್ಮ ಓಣಿಯ ನಾಯಿಯೂ ನಂಬುವುದಿಲ್ಲ. "ಇಷ್ಟ ಚಂದಂದು ಬ್ಯಾಡ್ರಿ. ಸ್ವಲ್ಪ ಕೆಟ್ಟದ್ದು ಐತೇನ್ರಿ?" ಎಂದು ಕೇಳಿದೆ.

ಹಸೀನಾಬಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೆಟ್ಟದ್ದು ಬೇಕಂದ್ರ ಬ್ಯಾರೆ ಕಡೆ ಹೋಗ್ರಿ. ನಲವತ್ತ ವರ್ಷ ಆತು, ಈ ಕೈಲೇ ಕೆಟ್ಟದ್ದ ಬಂದಿಲ್ಲ." ಬಹಳ ನೊಂದುಕೊಂಡಳು. ನಾನು ತಪ್ಪಾಯಿತೆಂದು ಹೇಳಿ, ಅವಳ ಒಳ್ಳೆಯ ಬುಟ್ಟಿಯನ್ನೇ ಕೊಂಡು, ಹಳೆಯ ಚಾದರದಲ್ಲಿ ಸುತ್ತಿ, ಮನೆಯ ಮಾಳಿಗೆಯ ಮೇಲೆ ನೀರಿನ ಟಾಕಿಯ ಹಿಂದೆ ಬಚ್ಚಿಟ್ಟೆ.

ಭಾನುವಾರ ಮಧ್ಯಾಹ್ನ ಅತ್ತೆ ಊಟ ಮಾಡಿ ಅಡ್ಡಾದಾಗ ಮಾಳಿಗೆ ಹತ್ತಿದೆ. ಉದ್ದೇಶ ಸ್ಪಷ್ಟವಿತ್ತು. ಬುಟ್ಟಿಯನ್ನು ನನ್ನ ಯೋಗ್ಯತೆಗೆ ಇಳಿಸಬೇಕು. ಮೊದಲು ಒಂದು ಬದಿಯ ಹಾಳೆ ಕಿತ್ತು, ನನ್ನ ಅಂಟಿನಿಂದ ಮರಳಿ ಮೆತ್ತಿದೆ. ಅದು ಮೊಹರಮ್ಮಿನ ಹುಲಿವೇಷದ ಮೈಯಂತೆ ಪಟ್ಟೆಪಟ್ಟೆಯಾಗಿ ಸುಕ್ಕಾಯಿತು. ಬಾಲಗಳನ್ನು ಸ್ವಲ್ಪ ಹೆಚ್ಚುಕಡಿಮೆ ಕತ್ತರಿಸಿದೆ. ಆಮೇಲೆ ಒಂದು ಮೂಲೆಯ ಗಂಟು ಬಿಚ್ಚಿ ನನ್ನದೊಂದು ಗಂಟು ಹಾಕಿದೆ. ಅಷ್ಟಕ್ಕೇ ಇಡೀ ಬುಟ್ಟಿ ಬಲಕ್ಕೆ ವಾಲಿತು. ನೆಟ್ಟಗೆ ಮಾಡಲು ಹೋದೆ, ಇನ್ನೂ ವಾಲಿತು. ಹಾಳು ಮಾಡುವುದಕ್ಕೂ ಒಂದು ಹದ ಬೇಕೆಂಬುದು ಆಗ ನನಗೆ ತಿಳಿಯಿತು. ನನ್ನಲ್ಲಿ ಅದೂ ಇಲ್ಲ. ನಮ್ಮವರು ಒಣಗಿದ ಬಟ್ಟೆ ತರಲು ಮೇಲೆ ಬಂದವರು ನೋಡಿ, ಒಂದು ಗಳಿಗೆ ನಿಂತು, "ಈಗ ನೋಡು, ನೀನ ಮಾಡಿದಂಗ ಕಾಣಾಕತ್ತೈತಿ" ಅಂದರು. ಮದುವೆಯಾದಾಗಿನಿಂದ ನನ್ನ ಕೈಕೆಲಸದ ಬಗ್ಗೆ ಅವರು ಆಡಿದ ಮೊದಲ ಮೆಚ್ಚುಗೆಯ ಮಾತದು.

ಹಬ್ಬದ ಮುನ್ನಾದಿನ ಸಂಜೆ, ಅತ್ತೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಚಸ್ಮಾ ಹಾಕಿಕೊಂಡು ಕುಳಿತಿದ್ದರು. ಬುಟ್ಟಿಯನ್ನು ಅವರ ಮಡಿಲಲ್ಲಿಟ್ಟೆ. ಅವರ ಬೆರಳುಗಳು ಒಂದೊಂದೇ ಕಡ್ಡಿ ಹಿಡಿದು ಹೊರಟವು. ಅವು ನನ್ನ ಗಂಟು ಮುಟ್ಟುವ ಮೊದಲೇ ನಾನು ವಟವಟ ಶುರುಮಾಡಿದೆ: "ಮೊದಲನೇ ಸಲ ನೋಡ್ರಿ ಅತ್ತಿ, ಒಂದ ಕಡೆ ಸ್ವಲ್ಪ ಸೊಟ್ಟ ಆಗೇತಿ. ಹಾಳೀನೂ ಸರಿ ಸಿಗಲಿಲ್ಲ. ದಾರಾನೂ ಹಳೇದ ಇತ್ತು..."

"ಏಳು ಗಂಟು ಒಂದ ಕೈವು. ಎಂಟನೇದ್ದು ಬ್ಯಾರೆ ಕೈದು" ಅಂದರು ಅತ್ತೆ.

ಅವರು ಚಸ್ಮಾ ತೆಗೆದು, ಸೆರಗಿನಿಂದ ಒರೆಸಿ, ಬುಟ್ಟಿಯನ್ನು ಬೆಳಕಿಗೆ ಹಿಡಿದರು. "ಈ ಬಾಜೂಕಿನ ಅಂಟಿನ್ಯಾಗ ಗಂಟಾಗ್ಯಾವ. ಉಳದದ್ದೆಲ್ಲಾ ಬೆಣ್ಣಿಯಂಗ ಐತಿ."

"ಅತ್ತೀ... ನಿಮಗ ಕಾಣಸ್ತೈತೇನ್ರಿ?"

"ಪೊರಿ ತಗದಾರ ಬೇ, ಕಣ್ಣ ತಗದಿಲ್ಲ. ಎದುರಮನಿ ಗ್ವಾಡಿ ಮ್ಯಾಲಿನ ಇರುವಿನೂ ಕಾಣಸ್ತಾವ ಈಗ. ಚಾದರದಾಗ ಸುತಗೊಂಡು ಮಾಳಿಗಿ ಹತ್ತಿದ್ದು ಕಾಣಸೂದಿಲ್ಲೇನು?"

ಇನ್ನೇನು ಉಳಿಯಿತು? ಹಸೀನಾಬಿಯಿಂದ ಹಿಡಿದು ಟಾಕಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. "ನೀವು ಬಬಲೇಶ್ವರಕ್ಕ ಹೋಗ್ತೀರಿ ಅಂತ ಅಂಜಿಕಿ ಬಂತ್ರಿ" ಅಂದೆ. ನಲವತ್ತೇಳು ವರ್ಷದ ಗಣಿತದ ಟೀಚರು, ಓಣಿಯ ಕಟ್ಟೆಯ ಮೇಲೆ, ಒಂದು ಕಾಗದದ ಬುಟ್ಟಿಗಾಗಿ ಮೂಗು ಒರೆಸಿಕೊಳ್ಳುತ್ತ ಕುಳಿತಿದ್ದೆ.

"ಹುಚ್ಚಿ. ಹೋಗೋಕಿ ಆಗಿದ್ರ ಇಷ್ಟೊತ್ತಿಗೆ ನಾ ಚೀಲಾ ಕಟ್ಟತಿದ್ದಿಲ್ಲೇನು?" ಅಂದರು ಅತ್ತೆ. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಶಾಂತಕ್ಕ. ಅತ್ತೆ ನನ್ನ ಮುಖ ನೋಡುತ್ತಲೇ ಮಾತಾಡಿದರು: "ಇಲ್ಲ ಬೇ ಶಾಂತಾ, ನಾ ಬರಾಂಗಿಲ್ಲ. ಬುಟ್ಟಿ ಆಗೇತಿ. ಹ್ಞೂಂ, ನೋಡೀನಿ. ಸುಮಾ ಭಾಳ ಕಷ್ಟಾ ಪಟ್ಟಾಳ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಫೋನು ಇಟ್ಟು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. "ಕಟ್ಟಿದ ಕೈ ಯಾರದರ ಇರಲಿ, ಪುಣ್ಯಾತ್ಗಿತ್ತಿ. ಕೆಡಿಸಿದ ಕೈ ಮಾತ್ರ ನಮ್ಮ ಮನೀದು. ಅದಕ್ಕೇನೂ ಅನುಮಾನಿಲ್ಲ. ಏರ್ಸು."

ಕುರ್ಚಿಯ ಮೇಲೆ ಹತ್ತಿ ಬಾಗಿಲ ಮುಂದಿನ ಕೊಕ್ಕೆಗೆ ತೂಗುಹಾಕಿ, ಒಳಗಿನ ಬಲ್ಬು ಹಚ್ಚಿದೆ. ಹಸೀನಾಬಿಯ ಮೂರು ಬದಿಗಳು ಬೆಳಗಿದವು. ನನ್ನ ಬದಿ ಸುಕ್ಕುಸುಕ್ಕಾಗಿ ಮಿಣುಕಿತು. ಬುಟ್ಟಿ ಬಲಕ್ಕೆ ವಾಲಿ, ಪಕ್ಕದ ಮನೆಯವರ ಕಡೆ ಮುಖಮಾಡಿ ನಿಂತಿತ್ತು. ಒಂಚೂರು ನೆಟ್ಟಗೆ ಮಾಡೋಣವೆಂದು ಕೈ ಎತ್ತಿದೆ.

"ಮುಟ್ಟಬ್ಯಾಡ!" ಎಂದು ಅತ್ತೆ ಕೆಳಗಿನಿಂದ ಕೂಗಿದರು. "ಇದ್ದಷ್ಟರ ಉಳೀಲಿ."